ಶಿಲಾಯುಗದ ಉಪಕರಣಗಳೂ ಪ್ರಯೋಗದ ಸಾಕ್ಷ್ಯವೂ

ಹಾಸನ ಜಿಲ್ಲೆಯು ಶಾಸನಗಳ ಸೀಮೆಯೆಂದು ಹೆಸರಾದುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರಲ್ಲಿ ಅನೇಕರು ಅಭಿಪ್ರಾಯಪಟ್ಟಿರುವರು, ಶ್ರವಣಬೆಳಗೊಳದ ಬೆಟ್ಟಗಳ ಮೇಲೆಯೂ ಊರಿನೊಳಗೂ ನೂರಾರು ಶಾಸನಗಳುಂಟು, ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ಪ್ರಕಟಪಡಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿರುವುದು. ಶಾಸನವೆಂಬುದು ಬಾಯುಳ್ಳ ಕಲ್ಲು. ಕೆತ್ತಿಸಿದವರು ಯಾರು, ದತ್ತಿ ಬಿಟ್ಟ ಗದ್ದೆ ಯಾವುದು, ಅದನ್ನು ಅಪಹರಿಸಿದವನಿಗೆ ತಗಲುವ ಪಾಪವೆಂಥದು ಎಂಬುದೆಲ್ಲವನ್ನೂ ಅದು ತಾನೇ ಹೇಳುವುದು. ಆದರೆ ಈ ಬಾಯುಳ್ಳ ಕಲ್ಲುಗಳ ಕಾಲವೆಲ್ಲವನ್ನೂ ಕೂಡಿಸಿದರೂ ಒಂದೂವರೆ ಸಾವಿರ ವರ್ಷಗಳಿಗೆ ಸ್ವಲ್ಪ ಮೇಲಾಗುವುದಷ್ಟೆ. ಅದಕ್ಕೆ ಹಿಂದೆ ಕನ್ನಡ ನಾಡಿನಲ್ಲಿ ಮನುಷ್ಯನು ಲಕ್ಷಾಂತರ ವರ್ಷ ಬಾಳಿದನು. ಆ ಬಾಳಿಗೆ ಉಳಿದಿರುವ ಸಾಕ್ಷಿಗಳಲ್ಲಿ ಬಹುಪಾಲು ಅಕ್ಷರವಿಲ್ಲದ ಕಲ್ಲುಗಳು: ಒಡೆದ ಚಕ್ಕೆ, ತಿಕ್ಕಿದ ಕೊಡಲಿ, ಸವೆದ ಗುಂಡು. ಇವು ಮೂಕಸಾಕ್ಷಿಗಳು. ಮೂಕನಿಂದ ಸಾಕ್ಷ್ಯವನ್ನು ಪಡೆಯುವುದು ಹೇಗೆ?

ಈ ದೇಶದಲ್ಲಿ ಇಂಥ ಸಾಕ್ಷಿಗಳನ್ನು ಮೊದಲು ಶಾಸ್ತ್ರೀಯವಾಗಿ ಗುರುತಿಸಿದ ಕೀರ್ತಿಯು ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟ್‌ಗೆ ಸಲ್ಲುವುದು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಆತನಿಗೆ ಹಳೆ ಶಿಲಾಯುಗದ ಒಂದು ಉಪಕರಣವು ಸಿಕ್ಕಿತು. ಆಮೇಲೆ ಆತನು ಬಳ್ಳಾರಿ ಸೀಮೆಯಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಬಹಳವಾಗಿ ಸಂಚರಿಸಿ ಕಲ್ಲುಗಳನ್ನು ಕಲೆಹಾಕಿದನು. 1894ರಲ್ಲಿ ಏರ್ಪಟ್ಟ ಮೈಸೂರು ಭೂಗರ್ಭ ಇಲಾಖೆಗೆ ಮೊದಲ ಮುಖ್ಯಸ್ಥನೂ ಆದನು. ಹಾಸನ ಜಿಲ್ಲೆಗೆ ಹೊಂದಿಕೊಂಡಿರುವ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ದೊರೆತ ಹಳೆ ಶಿಲಾಯುಗದ ಉಪಕರಣಗಳು ಮುಂದಿನ ವಿದ್ವಾಂಸರ ಗಮನವನ್ನು ಸೆಳೆದುವು. ಹೀಗೆ ಸಂಗ್ರಹವೇನೋ ಬೆಳೆಯಿತು. ಸಂಗ್ರಹಿಸಿದ ವಸ್ತುಗಳಿಗೆ ಹೆಸರಿಡಬೇಕಾಯಿತು. ಮುಷ್ಟಿಯಲ್ಲಿ ಹಿಡಿಯುವಂತಿದ್ದ ಚೂಪಾದ ಕಲ್ಲಿಗೆ ‘ಕೈಗೊಡಲಿ’ ಎಂದೂ, ಅಂಚು ಅಗಲವಾಗಿದ್ದುದಕ್ಕೆ ‘ಸೀಳುಗತ್ತಿ’ ಎಂದೂ, ಅಂಚು ಬಾಗಿದ್ದುದಕ್ಕೆ ‘ಹೆರೆಯುವ ಕಲ್ಲು’ ಎಂದೂ ಹೆಸರಾಯಿತು. ಈ ಹೆಸರುಗಳೆಲ್ಲ ಆಕಾರವನ್ನು ನೋಡಿ ಇಟ್ಟವು. ಕೊಡಲಿಯೆಂದು ಕರೆದ ಮಾತ್ರಕ್ಕೆ ಅದು ಮರವನ್ನು ಕಡಿಯಿತೆಂದು ಸಿದ್ಧವಾಗದು. ಅಡುಗೆಮನೆಯ ಈಳಿಗೆಮಣೆಯನ್ನು ಎಂದೂ ಕಾಣದ ಪರದೇಶಿಯೊಬ್ಬನು ಅದರ ಬಾಗಿದ ಕೊಕ್ಕನ್ನೂ ತುದಿಯ ಹಲ್ಲುಗಳನ್ನೂ ನೋಡಿ ಅದೊಂದು ಭಯಂಕರವಾದ ಆಯುಧವೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಅದರ ಮೇಲೆ ಕುಳಿತು ಬದನೆಕಾಯಿ ಹೆಚ್ಚಿದವರಿಗೆ, ತೆಂಗಿನಕಾಯಿ ತುರಿದವರಿಗೆ ಮಾತ್ರ ಅದರ ಅರ್ಥ ತಿಳಿಯುವುದು.

ಈ ಸಾಮಾನ್ಯವಾದ ಮಾತೇ ಒಂದು ಶಾಸ್ತ್ರಕ್ಕೆ ಬೀಜವಾಯಿತು. ಹಳೆಯ ಉಪಕರಣದಂಥದೇ ಉಪಕರಣವನ್ನು ಹಳೆಯ ರೀತಿಯಿಂದಲೇ ಮಾಡಿ, ಅದರಿಂದ ಕೆಲಸ ಮಾಡಿ, ಫಲವನ್ನು ಪರೀಕ್ಷಿಸಿ ನೋಡುವ ಪದ್ಧತಿಗೆ ಪ್ರಾಯೋಗಿಕ ಪುರಾತತ್ತ್ವವೆಂದು ಹೆಸರು.

ಈ ಪದ್ಧತಿಯ ಆರಂಭದಲ್ಲಿ ಒಬ್ಬ ವಂಚಕನ ಹೆಸರು ಬರುವುದು ವಿನೋದವಾಗಿದೆ. ಇಂಗ್ಲೆಂಡಿನ ಎಡ್ವರ್ಡ್ ಸಿಂಪ್ಸನ್ ಎಂಬುವನು ಚಕಮಕಿ ಕಲ್ಲಿನಿಂದ ಬಾಣದ ಮೊನೆಗಳನ್ನೂ ಕೊಡಲಿಗಳನ್ನೂ ಹೊಸದಾಗಿ ಮಾಡಿ, ಅವು ಪುರಾತನವಾದುವೆಂದು ನಂಬಿಸಿ, ಸಂಗ್ರಹಕಾರರಿಗೆ ಮಾರಿ ಜೀವಿಸುತ್ತಿದ್ದನು. ‘ಫ್ಲಿಂಟ್ ಜ್ಯಾಕ್’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದ ಈತನ ಗುಟ್ಟು ಬಯಲಾದ ಮೇಲೆ, 1862ರಲ್ಲಿ ಲಂಡನಿನ ಭೂಗರ್ಭಶಾಸ್ತ್ರಾಸಕ್ತರ ಸಭೆಯೊಂದು ಅವನನ್ನೇ ಕರೆಯಿಸಿ, ಕಲ್ಲನ್ನು ಹೇಗೆ ಒಡೆಯುವೆಯೆಂದು ಕೇಳಿ ನೋಡಿತು. ಪಂಡಿತರು ಊಹಿಸುತ್ತಿದ್ದುದನ್ನು ಅವನ ಕೈ ಬಲ್ಲುದಾಗಿತ್ತು. ಅನಂತರ ಸರ್ ಜಾನ್ ಎವಾನ್ಸ್ ಎಂಬ ದೊಡ್ಡ ವಿದ್ವಾಂಸನು ತಾನೇ ಆ ಕೌಶಲವನ್ನು ಅಭ್ಯಾಸ ಮಾಡಿ, 1868ರಲ್ಲಿ ನಾರಿಚ್ ನಗರದಲ್ಲಿ ನೆರೆದ ಪುರಾತತ್ತ್ವ ಸಮ್ಮೇಳನದ ಮುಂದೆ ಕಲ್ಲನ್ನು ಒಡೆದು ತೋರಿಸಿದನು.

ಕಲ್ಲನ್ನು ಒಡೆಯುವುದು ಬಲದ ಕೆಲಸವೆಂದು ತೋರಬಹುದು. ನಿಜವಾಗಿ ಅದು ಕೋನದ ಕೆಲಸ. ಕಲ್ಲಿನ ಅಂಚು ಲಂಬಕೋನಕ್ಕಿಂತ ಕಿರಿದಾದ ಕೋನದಲ್ಲಿದ್ದು, ಅಂಚಿನ ಸಮೀಪದಲ್ಲಿ ಗುಂಡುಕಲ್ಲಿನ ಪೆಟ್ಟು ಸರಿಯಾಗಿ ಬಿದ್ದರೆ, ಆ ಪೆಟ್ಟಿನ ಶಕ್ತಿಯು ಒಳಗೆ ಹರಡಿ ಕಪ್ಪೆಚಿಪ್ಪಿನಂಥ ಚಕ್ಕೆಯೊಂದನ್ನು ಕಳಚಿಬಿಡುವುದು. ಆ ಚಕ್ಕೆಯಲ್ಲಿ ಪೆಟ್ಟು ಬಿದ್ದ ಕಡೆ ಒಂದು ಉಬ್ಬು ಉಳಿಯುವುದು; ತಿರುಳಿನಲ್ಲಿ ಅದಕ್ಕೆ ಸರಿಯಾದ ತಗ್ಗು ಬೀಳುವುದು. ಕೋನವು ತಪ್ಪಿದರೆ ಎಷ್ಟು ಬಲದಿಂದ ಹೊಡೆದರೂ ಕಲ್ಲು ಪುಡಿಯಾದೀತೇ ಹೊರತು ಚಕ್ಕೆ ಏಳದು. ಈ ಉಬ್ಬು ತಗ್ಗುಗಳನ್ನು ಓದಲು ಕಲಿತ ಮೇಲೆ, ಯಾವ ಪೆಟ್ಟು ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ತಪ್ಪಿತು ಎಂಬುದನ್ನು ಹೇಳುವುದು ಸಾಧ್ಯವಾಯಿತು.

ಮಾಡುವ ಬಗೆಯು ತಿಳಿಯಿತು. ಬಳಸುವ ಬಗೆ ಹೇಗೆ? ಡೆನ್ಮಾರ್ಕಿನ ಸೆಹೆಸ್ಟೆಡ್ ಎಂಬ ಜಮೀನುದಾರನು 1879ರಲ್ಲಿ ಕಲ್ಲಿನ ಕೊಡಲಿಗಳಿಂದ ಮರಗಳನ್ನು ಕಡಿಸಿ, ಕಲ್ಲಿನ ಉಪಕರಣಗಳಿಂದಲೇ ಒಂದು ಮರದ ಮನೆಯನ್ನು ಕಟ್ಟಿಸಿದನು. ಅದೇ ದೇಶದ ಡ್ರಾವೆಡ್ ಅರಣ್ಯದಲ್ಲಿ 1950ರ ದಶಕದ ಮೊದಲಲ್ಲಿ ಯೋಹಾನೆಸ್ ಇವರ್ಸೆನ್ ಮೊದಲಾದವರು ನಡೆಸಿದ ಪ್ರಯೋಗವು ಇನ್ನೂ ಬೋಧಪ್ರದವಾದುದು. ವಸ್ತುಸಂಗ್ರಹಾಲಯದಿಂದ ನಿಜವಾದ ನವಶಿಲಾಯುಗದ ಕೊಡಲಿಗಳನ್ನೇ ತರಿಸಿ, ಜೌಗುನೆಲದಲ್ಲಿ ಸಿಕ್ಕಿದ ಪುರಾತನ ಕಾವಿನ ಮಾದರಿಯಲ್ಲಿ ಕಾವು ಹಾಕಿಸಿ, ಮರ ಕಡಿಯುವುದರಲ್ಲಿ ನುರಿತ ಆಳುಗಳ ಕೈಗೆ ಕೊಟ್ಟರು. ಆ ಆಳುಗಳು ಉಕ್ಕಿನ ಕೊಡಲಿಯನ್ನು ಬೀಸುವಂತೆ ಭುಜದಿಂದ ಬೀಸಿ ಹೊಡೆದರು. ಕೊಡಲಿಯ ಬಾಯಿ ಮುರಿಯಿತು. ಆಗ ಪ್ರಯೋಗಕರ್ತರು ಬೀಸುವುದನ್ನು ಬಿಟ್ಟು, ಮೊಣಕೈಯನ್ನೂ ಮಣಿಕಟ್ಟನ್ನೂ ಆಡಿಸಿ ಚಿಕ್ಕ ಚಿಕ್ಕ ಪೆಟ್ಟುಗಳನ್ನು ಬೇಗಬೇಗನೆ ಹಾಕಿ ನೋಡಿದರು. ಕೆಲಸವು ಸುಗಮವಾಯಿತು. ಮೂವರು ನಾಲ್ಕು ಗಂಟೆಗಳಲ್ಲಿ ಸುಮಾರು 600 ಚದರ ಗಜದ ಭೂರ್ಜವೃಕ್ಷಗಳ ಕಾಡನ್ನು ಕಡಿದರು. ನಾಲ್ಕು ಸಾವಿರ ವರ್ಷಗಳಿಂದ ಸಾಣೆ ಕಾಣದಿದ್ದ ಒಂದೇ ಕೊಡಲಿಯು ನೂರಕ್ಕೂ ಹೆಚ್ಚು ಮರಗಳನ್ನು ಉರುಳಿಸಿತು. ಕಡಿದ ಮೇಲೆ ನೆಲವನ್ನು ಸುಟ್ಟು ಧಾನ್ಯವನ್ನು ಬಿತ್ತಿದರು. ಸುಟ್ಟ ಕಡೆ ಪೈರು ಚೆನ್ನಾಗಿ ಬಂದಿತು, ಸುಡದ ಕಡೆ ಬಹುಮಟ್ಟಿಗೆ ಏಳಲಿಲ್ಲ. ಮಲೆನಾಡಿನ ಹಿಂದಿನ ಕುಮರಿ ಬೇಸಾಯವನ್ನು ಕೇಳಿ ಬಲ್ಲವರಿಗೆ ಈ ಫಲವು ಹೊಸದಲ್ಲ.

ಈ ಪ್ರಯೋಗದಿಂದ ಎರಡು ವಿಷಯಗಳು ಸ್ಪಷ್ಟವಾಗುವುವು. ಕಲ್ಲಿನ ಕೊಡಲಿಯು ಆಟದ ಸಾಮಾನಲ್ಲ, ಕಾಡನ್ನು ಬಯಲು ಮಾಡಿ ಬೇಸಾಯಕ್ಕೆ ತರಬಲ್ಲ ಉಪಕರಣವೆಂಬುದು ಒಂದು. ಉಪಕರಣದೊಡನೆ ದೇಹವೂ ಕಲಿಯಬೇಕೆಂಬುದು ಇನ್ನೊಂದು. ಉಕ್ಕಿಗೆ ಒಗ್ಗಿದ ಭುಜವು ಕಲ್ಲಿಗೆ ಒಗ್ಗದು. ಶಿಲಾಯುಗದವನು ನಿಧಾನಿ, ದಡ್ಡ ಎಂದು ಹೇಳುವವರು ತಮ್ಮ ಕೈಯ ದಡ್ಡತನವನ್ನು ಅವನ ಮೇಲೆ ಹೊರಿಸುತ್ತಿರುವರೆಂದು ತಿಳಿಯಬೇಕು.

ಪ್ರಯೋಗವು ಕೆಲವೊಮ್ಮೆ ಪಂಡಿತರ ವರ್ಗೀಕರಣವನ್ನೇ ತಲೆಕೆಳಗು ಮಾಡಿರುವುದುಂಟು. ಆಫ್ರಿಕದ ಅತಿ ಪ್ರಾಚೀನ ನೆಲೆಗಳಲ್ಲಿ ಸಿಕ್ಕಿದ ಒಡೆದ ಗುಂಡುಗಳನ್ನು ಉಪಕರಣಗಳೆಂದೂ, ಅವುಗಳ ಸುತ್ತ ಬಿದ್ದಿದ್ದ ಚಕ್ಕೆಗಳನ್ನು ಕಸವೆಂದೂ ಬಹುಕಾಲ ಎಣಿಸಿದ್ದರು. ಅಮೆರಿಕದ ನಿಕೊಲಸ್ ಟೋತ್ ಎಂಬ ವಿದ್ವಾಂಸನು ಅಂಥವನ್ನೇ ಮಾಡಿ ಬಳಸಿ ನೋಡಿ, ಚರ್ಮವನ್ನು ಸೀಳುವುದಕ್ಕೂ ಮಾಂಸವನ್ನು ಕೊಯ್ಯುವುದಕ್ಕೂ ಆ ಚಕ್ಕೆಗಳೇ ಉತ್ತಮವೆಂದೂ, ಗುಂಡುಗಳಲ್ಲಿ ಅನೇಕವು ಚಕ್ಕೆ ತೆಗೆದ ಮೇಲೆ ಉಳಿದ ತಿರುಳುಗಳೆಂದೂ 1980ರ ದಶಕದಲ್ಲಿ ತೋರಿಸಿಕೊಟ್ಟನು. ಕಸವು ಕತ್ತಿಯಾಯಿತು, ಕತ್ತಿಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದುದು ಬಹುಪಾಲು ಕಸವಾಯಿತು. ಪೀಟರ್ ಜೋನ್ಸ್ ಎಂಬುವನು ಪೂರ್ವ ಆಫ್ರಿಕದಲ್ಲಿ ಮಾಡಿ, 1980ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ದೊಡ್ಡ ಪ್ರಾಣಿಗಳನ್ನು ಕೊಯ್ಯುವಾಗ ಭಾರವೂ ಉದ್ದವಾದ ಅಂಚೂ ಉಳ್ಳ ಕೈಗೊಡಲಿಯು ಚಿಕ್ಕ ಚಕ್ಕೆಗಿಂತ ಅನುಕೂಲವೆಂದು ತಿಳಿದುಬಂದಿತು. ‘ಕೊಡಲಿ’ಯೆಂಬ ಹೆಸರು ಅದಕ್ಕೆ ಎಷ್ಟು ಸಲ್ಲುವುದೆಂದು ಓದುಗರೇ ಯೋಚಿಸಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಕೈಗೊಡಲಿಯಿಂದ ಮಾಂಸವನ್ನು ಕೊಯ್ಯಬಹುದೆಂದು ಸಿದ್ಧವಾದರೆ, ಆ ಕಾಲದವರು ಅದರಿಂದ ಮಾಂಸವನ್ನೇ ಕೊಯ್ದರೆಂದು ಹೇಗೆ ಸಿದ್ಧವಾಗುವುದು? ದೋಸೆಯ ಮೊಗಚುವ ಕೈಯಿಂದ ಮಡಕೆಯ ತಳವನ್ನೂ ಕೆರೆಯಬಹುದು. ಶಕ್ಯವೆಂಬುದು ಬೇರೆ, ಸಂಭವಿಸಿತೆಂಬುದು ಬೇರೆ. ಈ ಆಕ್ಷೇಪವು ನ್ಯಾಯವಾದುದು. ಇದಕ್ಕೆ ಉತ್ತರವನ್ನು ಪ್ರಯೋಗಕರ್ತರು ಉಪಕರಣದ ಅಂಚಿನಲ್ಲಿಯೇ ಹುಡುಕಿದರು.

ಬಳಕೆಯು ವಸ್ತುವಿನ ಮೇಲೆ ಗುರುತು ಬಿಡುವುದೆಂಬುದಕ್ಕೆ ಗೃಹಿಣಿಯರಿಗಿಂತ ಬಲ್ಲವರಿಲ್ಲ. ಬೀಸುವ ಕಲ್ಲು ವರ್ಷಗಟ್ಟಲೆ ರಾಗಿಯನ್ನು ಬೀಸಿ ನುಣುಪಾದಾಗ ಹಿಟ್ಟು ಸರಿಯಾಗಿ ಬೀಳದು. ಉಳಿಯಿಂದ ಅದನ್ನು ಮತ್ತೆ ಒರಟು ಮಾಡಿಸಬೇಕು. ಒರಳಿನ ಗುಂಡು ಯಾವ ಮಗ್ಗುಲಲ್ಲಿ ಸವೆದಿದೆಯೆಂದು ನೋಡಿದರೆ ರುಬ್ಬುವವರು ಯಾವ ಕಡೆ ಕುಳಿತರೆಂದು ಹೇಳಬಹುದು. ನೊಗದಲ್ಲಿ ಎತ್ತಿನ ಹೆಗಲು ತಗಲಿದ ಕಡೆ ಹೊಳಪು ಬರುವುದು. ಇದೇ ನ್ಯಾಯವು ಕಲ್ಲಿನ ಅಲಗಿಗೂ ಸಲ್ಲುವುದು. ಪಶ್ಚಿಮ ಏಷ್ಯ, ಯೂರೋಪುಗಳಲ್ಲಿ ಸಿಕ್ಕಿದ ಕೆಲವು ಚಕಮಕಿ ಅಲಗುಗಳ ಅಂಚಿನಲ್ಲಿ ಗಾಜಿನಂಥ ಹೊಳಪೊಂದು ಕಾಣುತ್ತಿತ್ತು. ಅದು ಪೈರನ್ನು ಕೊಯ್ದುದರಿಂದ ಬಂದುದೋ, ಮರವನ್ನು ಕೊಯ್ದುದರಿಂದ ಬಂದುದೋ ಎಂಬ ವಿವಾದವಿತ್ತು. ಸೆಸಿಲ್ ಕರ್ವೆನ್ ಎಂಬ ಆಂಗ್ಲ ವಿದ್ವಾಂಸನು ಎರಡನ್ನೂ ಮಾಡಿ ನೋಡಿ, ಅಗಲವಾಗಿ ಹರಡಿದ ಆ ಹೊಳಪು ಧಾನ್ಯದ ದಂಟುಗಳಿಂದ ಬರುವಂಥದೆಂದು 1930ರಲ್ಲಿ ಬರೆದನು. ಹುಲ್ಲಿನ ಜಾತಿಯ ದಂಟುಗಳಲ್ಲಿ ಮರಳಿಗೆ ಮೂಲವಾದ ಸಿಲಿಕಾಂಶವಿರುವುದು. ಭತ್ತದ ಹುಲ್ಲಿನ ಅಂಚು ಬೆರಳನ್ನು ಕೊಯ್ಯುವುದೂ ಅದರಿಂದಲೇ. ಲೆನಿನ್‌ಗ್ರಾಡಿನ ಸೆಮೆನೊವ್ ಈ ಮಾರ್ಗವನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿ, 1957ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅಂಚಿನ ಗೀರುಗಳು ಅಂಚಿಗೆ ಸಮಾನಾಂತರವಾಗಿದ್ದರೆ ಕೊಯ್ದುದು, ಅಡ್ಡವಾಗಿದ್ದರೆ ಹೆರೆದುದು, ಸುತ್ತಾಗಿದ್ದರೆ ಕೊರೆದುದು ಎಂದು ಸ್ಥೂಲವಾಗಿ ಹೇಳಬಹುದು. ಆಮೇಲೆ ಲಾರೆನ್ಸ್ ಕೀಲಿ ಎಂಬುವನು ಹೆಚ್ಚು ಶಕ್ತಿಯ ಸೂಕ್ಷ್ಮದರ್ಶಕವನ್ನು ಬಳಸಿ, ಮರ, ಮೂಳೆ, ಚರ್ಮ, ಹುಲ್ಲು ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ಬಗೆಯ ಹೊಳಪನ್ನು ಬಿಡುವುದೆಂದು ಪ್ರತಿಪಾದಿಸಿದನು.

ಈ ವಾದವನ್ನೂ ಪರೀಕ್ಷೆಗೆ ಒಡ್ಡಿದುದು ಶ್ಲಾಘ್ಯವಾಗಿದೆ. ಮಾರ್ಕ್ ನ್ಯೂಕಮರ್ ಎಂಬುವನು ತಾನು ಮಾಡಿ ಬಳಸಿದ ಉಪಕರಣಗಳನ್ನು, ಬಳಸಿದ ಬಗೆಯನ್ನು ಹೇಳದೆ, ಕೀಲಿಯ ಮುಂದಿಟ್ಟನು. ಅಲಗಿನ ಯಾವ ಭಾಗವು ಬಳಕೆಯಾಗಿದೆಯೆಂಬುದನ್ನು ಕೀಲಿಯು ಬಹುಪಾಲು ಸರಿಯಾಗಿ ಹೇಳಿದನು; ಯಾವ ವಸ್ತುವಿನ ಮೇಲೆ ಬಳಕೆಯಾಯಿತೆಂಬುದರಲ್ಲಿ ತಪ್ಪುಗಳು ಹೆಚ್ಚಾದುವು. ಇದು 1977ರಲ್ಲಿ ಪ್ರಕಟವಾಯಿತು. 1986ರಲ್ಲಿ ನ್ಯೂಕಮರ್ ಮತ್ತು ಅವನ ಜೊತೆಗಾರರು ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಹೊಳಪನ್ನು ಮಾತ್ರ ನಂಬಿದರೆ ಸಾಲದೆಂದು ತೋರಿತು. ಇದಕ್ಕೂ ಹಿಂದೆ, 1905ರಲ್ಲಿಯೇ, ಫ್ರಾನ್ಸಿನ ಮಾರ್ಸೆಲಿನ್ ಬೂಲ್ ಇನ್ನೊಂದು ಎಚ್ಚರಿಕೆಯನ್ನು ಕೊಟ್ಟಿದ್ದನು. ಆಗ ಕೆಲವರು ಬಹು ಪ್ರಾಚೀನವಾದ ಪದರಗಳಲ್ಲಿ ಸಿಕ್ಕಿದ ಒರಟಾದ ಒಡಕು ಕಲ್ಲುಗಳನ್ನು ಮನುಷ್ಯನ ಕೃತಿಗಳೆಂದು ಸಾರುತ್ತಿದ್ದರು. ಬೂಲನು ಸಿಮೆಂಟು ಕಾರ್ಖಾನೆಯೊಂದಕ್ಕೆ ಹೋಗಿ, ಸೀಮೆಸುಣ್ಣದ ಮಣ್ಣನ್ನು ನೀರಿನಲ್ಲಿ ಕಲಕುವ ಯಂತ್ರದೊಳಗೆ ಸಿಕ್ಕಿ ಒಂದಕ್ಕೊಂದು ಬಡಿದುಕೊಂಡ ಚಕಮಕಿ ಕಲ್ಲುಗಳನ್ನು ತೆಗೆದು ತೋರಿಸಿದನು. ಅವು ಆ ‘ಪ್ರಾಚೀನ ಉಪಕರಣ’ಗಳಂತೆಯೇ ಇದ್ದುವು. ಹರಿಯುವ ಹೊಳೆ, ನೇಗಿಲ ಗುಳ, ಗಾಡಿಯ ಚಕ್ರ ಇವೂ ಕಲ್ಲಿನ ಅಂಚನ್ನು ಒಡೆಯಬಲ್ಲವು. ಪ್ರಯೋಗವು ನಂಬಿಕೆಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಸುಳ್ಳು ನಂಬಿಕೆಯನ್ನು ತೊಡೆಯುವುದು. ಅದೇ ಅದರ ದೊಡ್ಡ ಉಪಕಾರ.

ಇದುವರೆಗೆ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ಯೂರೋಪಿನ ಚಕಮಕಿ ಕಲ್ಲನ್ನು ಆಧರಿಸಿದುವು. ಚಕಮಕಿಯು ನುಣ್ಣನೆಯ ಒಡಲಿನದು; ಗಾಜಿನಂತೆ ಒಡೆಯುವುದು, ಕನ್ನಡಿಯಂತೆ ಗುರುತನ್ನು ಹಿಡಿಯುವುದು. ಕನ್ನಡ ನಾಡಿನ ಕಲ್ಲುಗಳ ಗುಣವೇ ಬೇರೆ. ಬೆಣಚುಕಲ್ಲು ಪೆಟ್ಟಿಗೆ ಎತ್ತೆತ್ತಲೋ ಬಿರಿಯುವುದು; ಅದರ ಮೈ ತಾನೇ ಹೊಳೆಯುವುದರಿಂದ ಬಳಕೆಯ ಹೊಳಪನ್ನು ಬೇರ್ಪಡಿಸುವುದು ಕಷ್ಟ. ಡಾಲರೈಟ್ ಎಂಬ ಕರಿಕಲ್ಲು ಬಹು ಗಟ್ಟಿ. ಅದರ ಕಣಗಳು ದಪ್ಪ. ಆದಕಾರಣ ಡೆನ್ಮಾರ್ಕಿನ ಕಾಡಿನಲ್ಲಿ ಕಲಿತ ಪಾಠವನ್ನು ಇಲ್ಲಿಯ ಕಲ್ಲಿಗೆ ಹಾಗೆಯೇ ಹಚ್ಚುವುದು ಸಾಧುವಲ್ಲ. ಆಯಾ ನಾಡಿನ ಕಲ್ಲನ್ನು ಆಯಾ ನಾಡಿನ ಕಲ್ಲಿನಿಂದ, ಮರದಿಂದ, ಧಾನ್ಯದಿಂದಲೇ ಪ್ರಶ್ನಿಸಬೇಕು. ಕರ್ನಾಟಕದ ಎರಡು ನೆಲೆಗಳು ಈ ಮಾತಿಗೆ ನಿದರ್ಶನವಾಗಿರುವುವು.

ಮೊದಲನೆಯದು ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಈ ಕಣಿವೆಯಲ್ಲಿ ದಶಕಗಳ ಕಾಲ ಸಂಚರಿಸಿ ಹಳೆ ಶಿಲಾಯುಗದ ಅನೇಕ ನೆಲೆಗಳನ್ನು ಕಂಡುಹಿಡಿದರು. ಇಸಾಂಪುರದಲ್ಲಿ 1997ರಿಂದ 2001ರವರೆಗೆ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕಿದ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದುದರಿಂದ ಆ ನೆಲೆಯು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂಬ ಅಂದಾಜು ಹೊರಟಿತು. ಅದು ವಾಸಸ್ಥಾನ ಮಾತ್ರವಲ್ಲ, ಕಲ್ಲುಗಣಿ. ನೆಲದಿಂದ ಎದ್ದ ಸುಣ್ಣದ ಕಲ್ಲಿನ ಹಾಸುಗಳನ್ನು ಆರಿಸಿ, ಅಲ್ಲೇ ಕುಳಿತು ಉಪಕರಣಗಳನ್ನು ಮಾಡಿದ ಕಮ್ಮಟ. ತೆಳುವಾದ ಹಾಸನ್ನು ಅಂಚು ಕೆತ್ತಿ ನೇರವಾಗಿ ಕೈಗೊಡಲಿ ಮಾಡುತ್ತಿದ್ದರು. ದಪ್ಪವಾದುದರಿಂದ ದೊಡ್ಡ ಚಕ್ಕೆಗಳನ್ನು ಎಬ್ಬಿಸಿ ಅವನ್ನು ತಿದ್ದುತ್ತಿದ್ದರು. ಸೆರಿ ಶಿಪ್ಟನ್, ಮೈಕೆಲ್ ಪೆಟ್ರಾಗ್ಲಿಯ ಮತ್ತು ಪದ್ದಯ್ಯನವರು ಇಸಾಂಪುರದ ಉಪಕರಣಗಳ ತಯಾರಿಕೆಯನ್ನು ಕುರಿತು ಕಲ್ಲು ಒಡೆಯುವ ಪ್ರಯೋಗಗಳನ್ನು ಮಾಡಿಸಿ, ಅವುಗಳ ಫಲವನ್ನು ಉತ್ಖನನದ ಚಕ್ಕೆಗಳೊಡನೆ ಹೋಲಿಸಿ, 2009ರಲ್ಲಿ ‘ಆ್ಯಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದರು. ಇದರಿಂದ ಚೆಲ್ಲಿದ ಚೂರುಗಳು ಯಾವ ಹಂತದ ಕೆಲಸದಿಂದ ಉದುರಿದುವೆಂದು ವಿವೇಚಿಸಲು ಒಂದು ಅಳತೆಗೋಲು ಸಿಕ್ಕಿತು. ಇಂಥ ಕೆಲಸವನ್ನು ಒಬ್ಬನು ಒಂದೇ ದಿನದಲ್ಲಿ ತಾನಾಗಿ ಕಲಿಯಲಾರನೆಂಬುದು ಕಲ್ಲು ಹಿಡಿದ ಯಾರಿಗಾದರೂ ತಿಳಿಯುವುದು. 12 ಲಕ್ಷ ವರ್ಷಗಳ ಹಿಂದೆಯೂ ಮಾಡುವವರನ್ನು ನೋಡಿ ಕಲಿಯುವವರಿದ್ದರೆಂದು ಊಹಿಸಲು ಇದಕ್ಕಿಂತ ಒಳ್ಳೆಯ ಆಧಾರವು ಬೇಕಾಗಿಲ್ಲ.

ಎರಡನೆಯದು ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕುಪ್ಪಗಲ್ಲು. ಇಲ್ಲಿಯ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟಿನ ಒಂದು ದೊಡ್ಡ ಏಣು ಹಾಯ್ದಿರುವುದು. ಕಲ್ಲಿನ ಕೊಡಲಿಗಳನ್ನು ಇಲ್ಲಿ ಹೇರಳವಾಗಿ ತಯಾರಿಸುತ್ತಿದ್ದರೆಂದು ಫೂಟನು 19ನೆಯ ಶತಮಾನದಲ್ಲಿಯೇ ಗುರುತಿಸಿದ್ದನು, ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿ ಉತ್ಖನನ ಮಾಡಿದರು. ಇತ್ತೀಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಅಲ್ಲಿಯ ನವಶಿಲಾಯುಗವನ್ನು ವಿಸ್ತಾರವಾಗಿ ಶೋಧಿಸಿರುವರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅಲ್ಲಿಯ ಕುಟಿಗರು ಏಣಿನಿಂದ ಕಲ್ಲನ್ನು ಎಬ್ಬಿಸಿ, ಗುಂಡಿನಿಂದ ಚಕ್ಕೆ ತೆಗೆದು ಆಕಾರ ಕೊಟ್ಟು, ಆಮೇಲೆ ಸಣ್ಣ ಸಣ್ಣ ಪೆಟ್ಟುಗಳಿಂದ ಮೈಯನ್ನು ಕುಟ್ಟಿ ಸಮಮಾಡಿ, ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಬಾಯಿ ಹರಿತ ಮಾಡುತ್ತಿದ್ದರು. ಉಜ್ಜಿದ ಗಾಡಿಗಳು ಬಂಡೆಗಳ ಮೇಲೆ ಇಂದಿಗೂ ಇರುವುವು. ಕುಡುಗೋಲನ್ನು ಸಾಣೆಕಲ್ಲಿಗೆ ಹಿಡಿದ ರೈತನು ಆ ಗಾಡಿಯನ್ನು ನೋಡಿದರೆ, ಕೈ ಯಾವ ಕಡೆಯಿಂದ ಯಾವ ಕಡೆಗೆ ಚಲಿಸಿತೆಂದು ಯಾರ ಸಹಾಯವೂ ಇಲ್ಲದೆ ಹೇಳಬಲ್ಲನು. ಅಲ್ಲಿ ಸಿಕ್ಕಿದ ಕರಿದ ಕಾಳುಗಳಿಂದ ಆ ಜನರು ಕೊರಲೆ, ಹುರುಳಿ, ಹೆಸರು ಇವನ್ನು ಬೆಳೆದು ಉಣ್ಣುತ್ತಿದ್ದರೆಂದು ತಿಳಿದುಬಂದಿರುವುದು.

ಕುಪ್ಪಗಲ್ಲಿನ ಡಾಲರೈಟ್ ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದವೇಳುವುದು. ಅವುಗಳ ಮೇಲೆ ತಟ್ಟಿ ತಟ್ಟಿ ಬಿದ್ದ ತಗ್ಗುಗಳುಂಟು. ನೋಡಿ ಮಾತ್ರ ಹೋದವನಿಗೆ ಈ ತಗ್ಗುಗಳು ತಗ್ಗುಗಳೇ. ತಟ್ಟಿದವನಿಗೆ ಅವು ವಾದ್ಯ. ಹೊಯ್ಸಳರ ನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ನಾದವನ್ನು ಕೇಳಿ ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಕಲ್ಲನ್ನು ವಿಂಗಡಿಸುವ ಶಿಲ್ಪಿಗಳ ಸಂಪ್ರದಾಯವು ಹಳೆಯದು. ಒಳಗೆ ಬಿರುಕಿರುವ ಕಲ್ಲು ಮಂಕಾಗಿ ಸದ್ದು ಮಾಡುವುದೆಂಬುದನ್ನು ಕಲ್ಲು ಒಡೆಯುವ ಪ್ರಯೋಗಕರ್ತರೂ ಮೊದಲು ಕಲಿಯುವರು.

ಹಾಸನ ಜಿಲ್ಲೆಯ ನೆಲದಲ್ಲಿ ಇಂಥ ಪ್ರಶ್ನೆಗಳಿಗೆ ಬೇಕಾದ ಸಾಮಗ್ರಿಯು ಸಮೃದ್ಧವಾಗಿರುವುದು. ಹೊಳೆನರಸೀಪುರದ ಸುತ್ತಣ ಪದರುಶಿಲೆಗಳ ಪಟ್ಟಿಯು ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದೆಂದು ಭೂಗರ್ಭಶಾಸ್ತ್ರಜ್ಞರಲ್ಲಿ ಪ್ರಸಿದ್ಧವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಪಟ್ಟಿಯೂ ಅಂಥದೇ. ಅವುಗಳಲ್ಲಿ ಗಟ್ಟಿಯಾದ ಕರಿಕಲ್ಲೂ ಉಂಟು, ಉಗುರಿಗೆ ಗೀರು ಬೀಳುವ ಬಳಪದ ಕಲ್ಲೂ ಉಂಟು. ಬೇಲೂರು ಹಳೇಬೀಡುಗಳ ಶಿಲ್ಪಿಯು ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡುದು ಆಭರಣದ ಮಣಿಯನ್ನೂ ಬಿಡದೆ ಕೆತ್ತುವುದಕ್ಕಾಗಿ. ಅದರಿಂದ ಕೊಡಲಿ ಮಾಡಿದರೆ ಮೊದಲ ಪೆಟ್ಟಿಗೇ ಮುದುರುವುದು. ವಿಂಧ್ಯಗಿರಿಯ ಗ್ರಾನೈಟಿನಲ್ಲಿ 58 ಅಡಿಯ ಗೊಮ್ಮಟನನ್ನು ಬಿಡಿಸುವುದಕ್ಕೆ ಕಬ್ಬಿಣದ ಉಳಿಯ ಕಾಲವು ಬರಬೇಕಾಯಿತು. ಆ ಗ್ರಾನೈಟು ಚಕ್ಕೆಯಾಗಿ ಏಳದು, ಆದರೆ ಉಜ್ಜುವ ಬಂಡೆಯಾಗಿ ಬಹಳ ಒಳ್ಳೆಯದು. ಅರಕಲಗೂಡು ತಾಲ್ಲೂಕಿನ ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕಾವೇರಿ. ಈ ಹೊಳೆಗಳ ದಡದಲ್ಲಿ ಮುಷ್ಟಿಗೆ ಒಗ್ಗುವ ಗುಂಡುಗಳಿಗೆ ಕೊರತೆಯಿಲ್ಲ. ಯಾವ ಕಲ್ಲು ಯಾವ ಕೆಲಸಕ್ಕೆ ಎಂಬ ವಿವೇಕವು ಶಿಲ್ಪಿಗಿಂತ ಸಾವಿರಾರು ವರ್ಷ ಮೊದಲೇ ಇದ್ದುದು; ಅದನ್ನು ಮತ್ತೆ ಅರಿಯಬೇಕಾದರೆ ಈ ಕಲ್ಲುಗಳನ್ನೇ ಕೈಯಲ್ಲಿ ಹಿಡಿಯಬೇಕು. ಭೂರ್ಜವೃಕ್ಷವನ್ನು ಕಡಿದ ಲೆಕ್ಕವು ಹೊನ್ನೆ, ಮತ್ತಿ, ದಿಂಡಿಗ ಮರಗಳಿಗೆ ಸಲ್ಲದು. ಗೋಧಿಯ ದಂಟು ಬಿಟ್ಟ ಹೊಳಪು ಕೊರಲೆಯ ದಂಟಿನ ಹೊಳಪೇ ಆಗಬೇಕೆಂಬ ನಿಯಮವಿಲ್ಲ.

ಇಲ್ಲಿ ಸಹೃದಯರು ಮನಸ್ಸಿಡಬೇಕಾದ ಒಂದು ವಿಷಯವುಂಟು. ಪ್ರಯೋಗಕರ್ತನು ಹೊಸ ಕಲ್ಲನ್ನು ಎಷ್ಟು ಬೇಕಾದರೂ ಒಡೆಯಬಹುದು. ಹೋಲಿಸಿ ನೋಡಲು ಹಳೆಯ ಕಲ್ಲು ತನ್ನ ಗುರುತುಗಳೊಡನೆ ಉಳಿದಿರಬೇಕು. ಆ ಗುರುತುಗಳು ಕೂದಲೆಳೆಗಿಂತ ಸೂಕ್ಷ್ಮ. ಉಳುವಾಗ ಸಿಕ್ಕಿದ ನುಣ್ಣನೆಯ ಕೊಡಲಿಕಲ್ಲನ್ನು ಸಿಡಿಲಿನೊಡನೆ ಬಿದ್ದುದೆಂದು ಭಾವಿಸಿ ಪೂಜೆಗಿಡುವ ಪದ್ಧತಿಯು ಅನೇಕ ದೇಶಗಳಲ್ಲಿ ಇದ್ದುದು. ಭಕ್ತಿಯೇ ಅದನ್ನು ಕಳೆದುಹೋಗದಂತೆ ಕಾಪಾಡಿತು. ಆದರೆ ಎಣ್ಣೆ ಕುಂಕುಮಗಳು ಅದರ ಅಂಚನ್ನು ಮುಚ್ಚಿದುವು. ವಿದ್ಯಾವಂತನು ಮಾಡುವ ತಪ್ಪು ಇದಕ್ಕಿಂತ ಹೆಚ್ಚಿನದು. ಅವನು ಅದನ್ನು ಇಟ್ಟಿಗೆಪುಡಿಯಿಂದ ಉಜ್ಜಿ ತೊಳೆದು ಹೊಳೆಯುವಂತೆ ಮಾಡುವನು. ಬಾಯಿ ಹರಿತವೇ ಎಂದು ಮರದ ಮೇಲೆ ಒಂದು ಪೆಟ್ಟು ಹಾಕಿ ನೋಡುವನು. ಸಿಕ್ಕಿದ ಹೊಲದ ಹೆಸರನ್ನು ಬರೆದಿಡುವುದಿಲ್ಲ. ಒಂದು ನಿಮಿಷದ ಕುತೂಹಲವು ಮೂರು ಸಾವಿರ ವರ್ಷದ ಸಾಕ್ಷ್ಯವನ್ನು ಅಳಿಸುವುದು. ಶಾಸನದ ಅಕ್ಷರಗಳನ್ನು ಉಳಿಯಿಂದ ಕೆತ್ತಿಹಾಕಿದವನನ್ನು ಲೋಕವು ಶಪಿಸುವುದು. ಕೊಡಲಿಯ ಅಂಚನ್ನು ಉಜ್ಜಿದವನೂ ಅದೇ ಕೆಲಸವನ್ನು ಮಾಡಿದವನು, ತಿಳಿಯದೆ ಮಾಡಿದನೆಂಬುದಷ್ಟೇ ಭೇದ. ಸಂಗನಕಲ್ಲಿನ ಹಿರೇಗುಡ್ಡಕ್ಕೂ ಕಲ್ಲುಗಣಿಯ ಹಾವಳಿ ತಪ್ಪಲಿಲ್ಲ. ಸಾವಿರಾರು ವರ್ಷ ಉಳಿದ ಕಮ್ಮಟವು ಜಲ್ಲಿಯಾಗಿ ರಸ್ತೆಗೆ ಬೀಳುವುದಕ್ಕೆ ಕೆಲವು ದಿನಗಳು ಸಾಕು.

ಆದುದರಿಂದ ಇಂಥ ಕಲ್ಲು ದೊರೆತವರು ಅದನ್ನು ತೊಳೆಯದೆ, ಉಜ್ಜದೆ, ಅಂಚನ್ನು ಪರೀಕ್ಷಿಸದೆ, ಮೆತ್ತನೆಯ ಬಟ್ಟೆಯಲ್ಲಿಯೋ ಕಾಗದದಲ್ಲಿಯೋ ಬೇರೆಯಾಗಿ ಸುತ್ತಿಟ್ಟು, ಊರು, ಹೊಲ, ಆಳ, ದಿನ ಇವನ್ನು ಒಂದು ಚೀಟಿಯಲ್ಲಿ ಬರೆದು, ಪುರಾತತ್ತ್ವ ಇಲಾಖೆಯವರಿಗಾಗಲಿ ವಸ್ತುಸಂಗ್ರಹಾಲಯಕ್ಕಾಗಲಿ ತಿಳಿಸುವುದು ಉತ್ತಮ. ಸುತ್ತಲೂ ಚಕ್ಕೆಗಳು ಚೆಲ್ಲಿದ್ದರೆ ಅವನ್ನು ಕಸವೆಂದು ಗುಡಿಸದೆ ಬಿದ್ದಲ್ಲಿಯೇ ಬಿಡಬೇಕು. ಕಸವೇ ಕೆಲವೊಮ್ಮೆ ಉಪಕರಣವೆಂಬುದನ್ನು ಮೇಲೆ ಹೇಳಿಯಾಗಿದೆ.

ರಾಜರು ಶಾಸನಗಳನ್ನು ಬರೆಯಿಸಿದರು. ಅವರ ಹೆಸರುಗಳು ಉಳಿದುವು. ಕಾಡನ್ನು ಕಡಿದು ಮೊದಲ ಕೊರಲೆಯನ್ನು ಬಿತ್ತಿದವರು ಏನನ್ನೂ ಬರೆಯಲಿಲ್ಲ. ಅವರ ಮಣಿಕಟ್ಟು ತಿರುಗಿದ ಬಗೆ, ಅವರ ಪೆಟ್ಟು ಬಿದ್ದ ಕೋನ, ಅವರ ಕೈ ದಣಿದು ತಪ್ಪಿದ ಒಂದು ಚಕ್ಕೆ, ಇಷ್ಟೇ ಅವರ ಸಹಿ. ಆ ಸಹಿಯನ್ನು ಓದುವುದಕ್ಕೆ ಲಿಪಿಜ್ಞಾನವು ಸಾಲದು. ಅದೇ ಕಲ್ಲನ್ನು ಎತ್ತಿ ಅದೇ ಕೆಲಸವನ್ನು ಮಾಡಿ ನೋಡುವ ತಾಳ್ಮೆ ಬೇಕು. ಆ ತಾಳ್ಮೆಯುಳ್ಳವರು ಬರುವವರೆಗೆ ಸಹಿಯನ್ನು ಅಳಿಸದೆ ಕಾಯುವುದು ನೆಲದ ಒಡೆಯರ ಹೊಣೆ.